ಭೀಮನಬೀಡಿನ ವಾಲ್ವ್ ಪೆಟ್ಟಿಗೆ

ಸುನೀಲ್ ಕುಮಾರನಿಗೆ ಎರಡು ಕೆಲಸ. ಸಂಬಳ ಕೊಡುವುದು ಅರಣ್ಯ ಇಲಾಖೆ. ಬಂಡೀಪುರದ ಗೇಟಿನಲ್ಲಿ ನಿಂತು ಗಾಡಿಗಳನ್ನು ತಪಾಸಣೆ ಮಾಡುವುದು, ರಾತ್ರಿ ರಸ್ತೆ ಮುಚ್ಚಿದ ಮೇಲೆ ಏದುಸಿರು ಬಿಡುತ್ತ ಬಂದು 'ಇದೊಂದು ಸಲ ಬಿಡಿ ಸಾರ್' ಎಂದು ಗೋಗರೆಯುವವರಿಗೆ ಇಲ್ಲ ಎನ್ನುವುದು ಅಲ್ಲಿಯ ಕೆಲಸ. ಇನ್ನೊಂದು ಕೆಲಸ ಗಿಟಾರ್ ನುಡಿಸುವುದು. ಅದರಿಂದ ಬರುವುದು ಹೆಸರು, ಅದೂ ಗುಂಡ್ಲುಪೇಟೆ ತಾಲ್ಲೂಕಿನ ಒಳಗೆ ಮಾತ್ರ. ಗಣಪತಿ ಹಬ್ಬ ಬಂದರೆ, ಯಾರದಾದರೂ ಮದುವೆ ಗೊತ್ತಾದರೆ, ಗುಂಡ್ಲುಪೇಟೆಯ ಆರ್ಕೆಸ್ಟ್ರಾದವರು ಅವನಿಗೆ ರಜೆ ಹಾಕಿಸಿ ಕರೆದುಕೊಂಡು ಹೋಗುತ್ತಾರೆ. ಸಾಹೇಬರು ಒಮ್ಮೆ ಬೈಯುತ್ತಾರೆ, ಆಮೇಲೆ ರಜೆ ಕೊಡುತ್ತಾರೆ. ಅವರ ಮಗಳ ಮದುವೆಗೂ ಇವನೇ ನುಡಿಸಿದ್ದು.

ಈ ಹುಚ್ಚು ಹಿಡಿದದ್ದು ಊಟಿಯಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಅಲ್ಲಿಯ ಹೋಟೆಲೊಂದರಲ್ಲಿ ರೂಮ್ ಬಾಯ್ ಆಗಿದ್ದಾಗ, ಶನಿವಾರ ಗಿಟಾರ್ ನುಡಿಸಲು ಬರುತ್ತಿದ್ದ ಮುದುಕನೊಬ್ಬನ ಬೆನ್ನು ಬಿದ್ದು ಕಲಿತ. ಹೋಟೆಲಿನವರು ಡ್ಯಾನ್ಸ್ ಹಾಲನ್ನು ಊಟದ ಹಾಲ್ ಮಾಡಿದಾಗ ಮೂಲೆಯಲ್ಲಿದ್ದ ಹಳೇ ಆಂಪ್ಲಿಫೈಯರ್ ಗುಜರಿಗೆ ಹೊರಟಿತ್ತು. ಇವನು ಕಾಡಿ ಬೇಡಿ ಅದನ್ನು ದಕ್ಕಿಸಿಕೊಂಡು, ಬಸ್ಸಿನ ಟಾಪಿನ ಮೇಲೆ ಹಾಕಿಸಿ, ತನ್ನೂರು ಭೀಮನಬೀಡಿಗೆ ತಂದ. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದವಲ್ಲ, ಅಂಥ ಗಾಜಿನ ವಾಲ್ವುಗಳ ಆಂಪ್ ಅದು. ಎತ್ತಲು ಇಬ್ಬರು ಬೇಕು. ಸ್ವಿಚ್ ಹಾಕಿದ ಕೂಡಲೇ ಉಲಿಯುವುದೂ ಇಲ್ಲ. ವಾಲ್ವು ಕಾದು ಕೆಂಪಗಾಗುವವರೆಗೆ ಕಾಯಬೇಕು. ಚಳಿಗಾಲದಲ್ಲಿ ಅವನ ತಾಯಿ ಚಿಕ್ಕಬಸಮ್ಮ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅದರ ತಲೆಯ ಮೇಲೇ ಇಡುತ್ತಿದ್ದಳು. ಮೊಸರು ಗಟ್ಟಿಯಾಗುತ್ತದೆಂದು ನೆರೆಮನೆಯವರಿಗೂ ಹೇಳಿ ಬಂದಿದ್ದಳು. ಚೆಲ್ಲಿದರೆ ಮನೆಯೇ ಹೊತ್ತಿಕೊಳ್ಳುತ್ತದೆ ಎಂದು ಮಗ ಎಷ್ಟು ಬಡಿದುಕೊಂಡರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದರ ನಾದ ಮಾತ್ರ ಬೇರೆಲ್ಲೂ ಸಿಗುವಂಥದ್ದಲ್ಲ. ಮೆಲ್ಲಗೆ ಮೀಟಿದರೆ ಮೆತ್ತಗೆ ಹರಡಿಕೊಳ್ಳುತ್ತಿತ್ತು. ಜೋರಾಗಿ ಮೀಟಿದರೆ ಸ್ವರದ ತುದಿ ಸ್ವಲ್ಪ ಒಡೆಯುತ್ತಿತ್ತು, ಅಳು ತಡೆದುಕೊಂಡು ಮಾತಾಡುವವರ ಗಂಟಲಿನ ಹಾಗೆ. ಆ ಒಡಕಿಗಾಗಿಯೇ ಸುನೀಲ ಅದನ್ನು ಇಷ್ಟು ವರ್ಷ ಸಾಕಿದ್ದ.

ಆದರೆ ಬಂಡೀಪುರದ ಕ್ವಾರ್ಟರ್ಸಿಗೆ ಅದನ್ನು ಒಯ್ಯುವ ಹಾಗಿರಲಿಲ್ಲ. ಕಾಡಿನ ನಡುವೆ ಆಂಪ್ ಹಚ್ಚಿ ಕೂತರೆ ಜಿಂಕೆಗಿಂತ ಮೊದಲು ಸಾಹೇಬರು ಬೆದರುತ್ತಾರೆ. ವಾರಕ್ಕೊಮ್ಮೆ ಮನೆಗೆ ಬಂದಾಗಷ್ಟೇ ಗಿಟಾರ್ ಎಂದರೆ ಬೆರಳುಗಳಿಗೆ ನುಡಿಸುವುದೇ ಮರೆತುಹೋಗುತ್ತದೆ. ಹಾಗಾಗಿ ಅವನು ಡಿಜಿಟಲ್ ಪೆಡಲ್ ಒಂದನ್ನು ತರಿಸಿದ. ಊಟದ ಡಬ್ಬಿಯಷ್ಟು ಗಾತ್ರ. ಅದರೊಳಗೆ ಹತ್ತಾರು ಹೆಸರುವಾಸಿ ಆಂಪುಗಳ ದನಿಯ ನಕಲು. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡರೆ ಕಿವಿಯೊಳಗೆ ಕ್ರೀಡಾಂಗಣ ತುಂಬುವಷ್ಟು ಸದ್ದು, ಹೊರಗೆ ಸೊಳ್ಳೆಯ ಸದ್ದೂ ಇಲ್ಲ.

ಸುನೀಲ ನಿಯತ್ತಿನ ಮನುಷ್ಯ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಿದ. ಪೆಡಲ್ ಹೆಗಲ ಚೀಲದಲ್ಲಿ ಹಿಡಿಯುತ್ತದೆ, ಕಾಯಿಸುವುದಿಲ್ಲ, ಗಾಜು ಒಡೆಯುವ ಭಯವಿಲ್ಲ. ಆರ್ಕೆಸ್ಟ್ರಾದಲ್ಲಿ ನೇರ ಸೌಂಡ್ ಮಿಕ್ಸರಿಗೆ ಸಿಕ್ಕಿಸಿದರೆ ಮುಗಿಯಿತು. ಆಂಪಿನ ಪರವಾಗಿ ಇದ್ದದ್ದು ಆ ಒಡಕೊಂದೇ. ಪೆಡಲಿನಲ್ಲಿ ಅದಕ್ಕೆ ಹತ್ತಿರದ್ದು ಸಿಕ್ಕಿತು, ಅದೇ ಸಿಗಲಿಲ್ಲ. ಹತ್ತಿರದ್ದು ಸಾಕು, ಕಾರ್ಯಕ್ರಮಕ್ಕೆ ಬರುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಆಂಪನ್ನು ಮಾರಲು ಒಪ್ಪಿದ.

ಕೊಂಡವರು ಚಾಮರಾಜನಗರದ ಶಾಂತರಾಜು. ಕರಿಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿ ಇಟ್ಟವರು, ಬಿಡುವಾದಾಗ ಗಿಟಾರ್ ಹಿಡಿಯುವವರು, ವಾಲ್ವ್ ಎಂದರೆ ಜೀವ ಬಿಡುವವರು. ಒಂದು ಸಂಜೆ ಬಂದು ಆಂಪ್ ಕೇಳಿ, ಕಣ್ಣು ಮುಚ್ಚಿ ತಲೆದೂಗಿ, ಚೌಕಾಸಿ ಮಾಡದೆ ಒಯ್ದರು. ಹೊರಡುವಾಗ ಪೆಡಲಿನ ಕಡೆ ಬೆರಳು ತೋರಿಸಿ, "ಇದೆಲ್ಲ ಇನ್‌ಸ್ಟಂಟ್ ಕಾಫಿ ಕಣ್ರೀ, ಸುನೀಲ್. ಬಿಸಿನೀರು ಹುಯ್ಯೋದು, ಕುಡಿಯೋದು" ಎಂದು ನಕ್ಕರು. ಸುನೀಲನೂ ನಕ್ಕ. ಕಾರು ಚೆಂಡುಹೂವಿನ ಹೊಲ ದಾಟಿ ಮರೆಯಾದ ಮೇಲೆ ನಗು ಉಳಿಯಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ ಅವತ್ತು ಒಳಹೊಕ್ಕದ್ದು, ಗೇಟಿನಲ್ಲಿ ನಿಂತಾಗಲೂ ಬಿಡಲಿಲ್ಲ.

ರಜೆಗೆ ಮನೆಗೆ ಬಂದಾಗ ಜಗಲಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಿದ್ದ. ಚಿಕ್ಕಬಸಮ್ಮ ಎದುರಿಗೆ ಬಂದು ನಿಂತು, "ಯಾಕ್ಲಾ ಮಗ, ಸುಮ್ನೆ ತಂತಿ ಕೆರೀತಾ ಕುಂತಿದ್ದೀಯೆ?" ಎಂದು ಕೇಳುವಳು. ಅವನು ಕಿವಿಯದನ್ನು ಸರಿಸಿ, "ಬಾರಿಸ್ತಾವ್ನಿ ಕಣವ್ವಾ" ಎನ್ನುವನು. ಅವಳು ನಂಬುತ್ತಿರಲಿಲ್ಲ. ಹೆಂಡತಿ ಪುಟ್ಟಿ ಏನೂ ಕೇಳುತ್ತಿರಲಿಲ್ಲ. ಹೂ ಕಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ ಸ್ವಲ್ಪ ದೂರದಲ್ಲಿ ಕೂತಿರುತ್ತಿದ್ದಳು.

ಒಂದು ಭಾನುವಾರ ನಡುಮಧ್ಯಾಹ್ನ ಶಾಂತರಾಜು ಅವರ ಕಾರು ಮತ್ತೆ ಬಂತು. ಡಿಕ್ಕಿಯಲ್ಲಿ ಆಂಪ್. ಮುಖ ಕೆಂಡವಾಗಿತ್ತು.

"ನಾನು ನಿಮ್ಮನ್ನ ನಂಬಿದ್ದೆ ಸುನೀಲ್. ಆವತ್ತು ಕೇಳಿಸಿದ್ದೇ ಬೇರೆ, ನಮ್ಮನೇಲಿ ಬರ್ತಿರೋದೇ ಬೇರೆ. ಗಟ್ಟಿಯಾಗೇನೋ ಕೂಗುತ್ತೆ, ಆದ್ರೆ ಸಪ್ಪೆ. ಒಳ್ಳೆ ವಾಲ್ವ್ ತೆಗೆದಿಟ್ಕೊಂಡು ಬೇರೆ ಹಾಕಿ ಕೊಟ್ಟಿದ್ದೀರಿ. ಅವನ್ನ ಕೊಟ್ಬಿಡಿ, ಹೊರಟುಹೋಗ್ತೀನಿ."

ಪಕ್ಕದ ಹೊಲದಲ್ಲಿ ಹೂ ಬಿಡಿಸುತ್ತಿದ್ದವರು ತಲೆಯೆತ್ತಿದರು. ಗೇಟಿನಲ್ಲಿ ಒಂದು ಲೋಟ ಚಹಾವನ್ನೂ ಯಾರಿಂದಲೂ ಪಡೆಯದ ಸುನೀಲ, ತನ್ನೂರಿನಲ್ಲಿ, ಪಕ್ಕದ ಹೊಲದವರ ಎದುರಿಗೆ, ಕಳ್ಳನೆಂದು ಕರೆಸಿಕೊಳ್ಳಬೇಕಾಯಿತು. ಸಂಕಟವಾಯಿತು, ಸಿಟ್ಟೂ ಬಂತು.

"ಒಳೀಕೆ ತನ್ನಿ ಸಾರ್. ಹಚ್ಚಿ ನೋಡನ" ಎಂದ.

ಇಬ್ಬರೂ ಸೇರಿ ಹೊತ್ತು ತಂದರು. ವಾಲ್ವು ಕಾದವು. ಸುನೀಲ ಮೀಟಿದ. ದನಿ ಗಟ್ಟಿಯಾಗಿ, ಚೊಕ್ಕವಾಗಿ, ಖಣಖಣ ಎಂದು ಬಂತು. ಒಡಕಿನ ಸುಳಿವೇ ಇರಲಿಲ್ಲ. ಇನ್ನೂ ಜೋರಾಗಿ ಮೀಟಿದ. ಇನ್ನೂ ಗಟ್ಟಿಯಾಯಿತು, ಅಷ್ಟೆ. ಅಡುಗೆಮನೆಯಿಂದ ಚಿಕ್ಕಬಸಮ್ಮ ಕೂಗಿ ಹೇಳಿದಳು: "ಇದು ನಮ್ ಪೆಟ್ಗೆ ಅಲ್ಲ ಕಣ್ಲಾ! ಯಾರ್ದೋ ತಂದವ್ರೆ!"

ಹೆತ್ತ ತಾಯಿಯೇ ಎದುರು ಪಾರ್ಟಿಯ ಸಾಕ್ಷಿಯಾದ ಮೇಲೆ ಮಾತೇನು ಉಳಿಯಿತು? ಶಾಂತರಾಜು ಕೈಕಟ್ಟಿಕೊಂಡು ನೋಡಿದರು. ಸುನೀಲ ಆಂಪಿನ ಬೆನ್ನು ಬಿಚ್ಚಿದ. ಒಂದೊಂದು ವಾಲ್ವಿನ ಬುಡದಲ್ಲೂ ತಾನೇ ಗುರುತಿಗೆಂದು ಹಚ್ಚಿದ್ದ ಪುಟ್ಟಿಯ ಉಗುರುಬಣ್ಣದ ಚುಕ್ಕೆ ಹಾಗೇ ಇತ್ತು. ತೋರಿಸಿದ. "ಚುಕ್ಕೆ ಯಾರು ಬೇಕಾದ್ರೂ ಇಡಬಹುದು" ಎಂದರು ಅವರು. ನಿಜವೇ. ಸುನೀಲನಿಗೂ ತನ್ನ ಮೇಲೇ ಅನುಮಾನ ಹುಟ್ಟಿತು. ಅಷ್ಟು ವರ್ಷ ಕೇಳಿದ ಆ ಒಡಕು ಬರೀ ತನ್ನ ಭ್ರಮೆಯೇ?

ಪುಟ್ಟಿ ಬಂದು, "ಜಗಳ ಆಮೇಲೆ ಆಡೀರಂತೆ, ಈಗ ಉಣ್ಣಿ ಬನ್ನಿ" ಎಂದಳು. ಬೇಡವೆಂದರೂ ಬಿಡಲಿಲ್ಲ. ಶಾಂತರಾಜು ಗಂಟು ಮುಖದಲ್ಲೇ ಮುದ್ದೆ ಮುರಿದರು. ಉಪ್ಪೆಸರು ಚೆನ್ನಾಗಿತ್ತು. ಇನ್ನೊಂದು ಸೌಟು ಹಾಕಿಸಿಕೊಂಡರು, ಆದರೆ ಮುಖ ಸಡಿಲಿಸಲಿಲ್ಲ. ಉಂಡಾದ ಮೇಲೂ ವಾಲ್ವ್ ಸಿಗದೆ ಏಳುವುದಿಲ್ಲ ಎಂದು ಕುರ್ಚಿಯಲ್ಲಿ ಕೂತರು. ಕೊಡಲು ಏನೂ ಇಲ್ಲದ ಸುನೀಲ ಎದುರಿನ ಚಾಪೆಯ ಮೇಲೆ ಗಿಟಾರ್ ತೊಡೆಗೆ ಏರಿಸಿಕೊಂಡು ಕೂತ. ಮಾತಾಡಿದರೆ ಜಗಳವಾದೀತೆಂದು ಸುಮ್ಮನೆ ತಂತಿ ಮೀಟುತ್ತಿದ್ದ. ಆಂಪ್ ಆರಿಸಿರಲಿಲ್ಲ.

ಬಿಸಿಲು ಇಳಿಯುತ್ತ ಬಂತು. ಎಲ್ಲೋ ಒಂದು ಮೋಟಾರು ಗುರ್ ಎಂದಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಮೇಲಿನ ಫ್ಯಾನು ನಿಧಾನವಾಯಿತು. ಒಳಗಿನ ಬಲ್ಬು ಹಳದಿಯಾಗಿ ಮುದುರಿಕೊಂಡಿತು.

"ಕರೆಂಟ್ ಬಂತು ಕಣಮ್ಮಿ ಪುಟ್ಟಿ!" ಎಂದು ಚಿಕ್ಕಬಸಮ್ಮ ಕೂಗಿದಳು.

ಶಾಂತರಾಜು ಬಲ್ಬಿನ ಕಡೆ ನೋಡಿದರು. "ದೀಪ ಮಂಕಾಗಿದೆ, ಕರೆಂಟ್ ಬಂತು ಅಂತೀರಲ್ಲಮ್ಮ?"

"ಪಂಪ್‌ಸೆಟ್ ಕರೆಂಟ್ ಕಣಪ್ಪ! ನಮ್ ಮನೆಗೂ ಅದೇ ಲೈನು. ತ್ರೀ ಫೇಸ್ ಬುಟ್ಟ ಏಟ್ಗೆ ಎಲ್ಲಾರ ಮೋಟ್ರೂ ಒಂದೇ ಸಲ ಎದ್ಬುಡ್ತವೆ. ಇನ್ ದೀಪಕ್ಕೆ ಎಲ್ಲಿ ಉಳೀತದೆ?"

ಆಗ ಸುನೀಲನ ಕೈ ನಿಂತಿತು. ಈಗ ತಾನೇ ಮೀಟಿದ ಸ್ವರ ಇನ್ನೂ ಗಾಳಿಯಲ್ಲಿತ್ತು, ಅದರ ತುದಿ ಒಡೆದಿತ್ತು. ಅವನು ಮತ್ತೊಮ್ಮೆ ಮೀಟಿದ. ಅದೇ ಗಂಟಲು, ಅದೇ ತಡೆದ ಅಳು. ಚಿಕ್ಕಬಸಮ್ಮ ಬಾಗಿಲಿಗೆ ಬಂದು, "ಈಗ ನಮ್ದು ಕಣ! ಅದುವೇ!" ಎಂದು ತನ್ನ ಸಾಕ್ಷಿಯನ್ನು ತಾನೇ ತಿರುಗಿಸಿಬಿಟ್ಟಳು.

ಶಾಂತರಾಜು ಬಲ್ಬು ನೋಡಿದರು, ಆಂಪ್ ನೋಡಿದರು, ಹಣೆ ಚಚ್ಚಿಕೊಂಡರು. ಅವರ ಮನೆಗೆ ಕರೆಂಟು ಬರುವುದು ಫ್ಯಾಕ್ಟರಿಯ ಸ್ವಂತ ಟ್ರಾನ್ಸ್‌ಫಾರ್ಮರಿನಿಂದ, ಅದರ ಮೇಲೆ ಸ್ಟೆಬಿಲೈಸರ್ ಬೇರೆ. ಹೊಟ್ಟೆತುಂಬ ವೋಲ್ಟೇಜ್ ಉಂಡ ಆಂಪ್ ಅಲ್ಲಿ ಗಟ್ಟಿಮುಟ್ಟಾಗಿ ಕೂಗುತ್ತಿತ್ತು. ಇಲ್ಲಿ ಮೋಟಾರುಗಳು ವೋಲ್ಟೇಜ್ ಎಳೆದುಕೊಂಡಾಗ ಅರೆಹೊಟ್ಟೆಯಲ್ಲಿ ಹಾಡುತ್ತಿತ್ತು. ಸುನೀಲ ಮನೆಗೆ ಬಂದಾಗ ಹೊಲದ ಕೆಲಸ ಮುಗಿಸಿ ಗಿಟಾರ್ ಹಿಡಿಯುತ್ತಿದ್ದದ್ದು ಯಾವಾಗಲೂ ಈ ಹೊತ್ತಿನಲ್ಲೇ. ಶಾಂತರಾಜು ಮೊದಲ ಸಲ ಬಂದದ್ದೂ ಈ ಹೊತ್ತಿನಲ್ಲೇ.

ಅವರು ಎದ್ದು ಬಂದು ಸುನೀಲನ ಕೈ ಹಿಡಿದುಕೊಂಡರು. "ತಪ್ಪಾಯ್ತು. ಹೊಲದವರ ಮುಂದೆ ಅಂದುಬಿಟ್ಟೆ." ಅಷ್ಟಕ್ಕೇ ಬಿಡಲಿಲ್ಲ. ಹೊರಗೆ ಹೋಗಿ, ಬದುವಿನ ಮೇಲೆ ನಿಂತು, "ನಂದೇ ತಪ್ಪು, ಇವರದ್ದೇನೂ ಇಲ್ಲ!" ಎಂದು ಹೂ ಬಿಡಿಸುವವರಿಗೆಲ್ಲ ಕೇಳುವಂತೆ ಹೇಳಿ ಬಂದರು. ಅವರ ಬಗ್ಗೆ ಸುನೀಲನಿಗಿದ್ದ ಸಿಟ್ಟೆಲ್ಲ ಅಲ್ಲಿಗೆ ಕರಗಿತು.

"ಸರಿ, ಈಗ ಇದನ್ನ ನಾನೇನು ಮಾಡ್ಲಿ?" ಎಂದರು ಶಾಂತರಾಜು, ಆಂಪಿನ ಮೇಲೆ ಕೈಯಾಡಿಸುತ್ತ. "ನಿಮ್ಮೂರ ಪಂಪ್‌ಸೆಟ್‌ಗಳನ್ನೂ ಜೊತೆಗೆ ಹೊತ್ಕೊಂಡು ಹೋಗ್ಲಾ?"

ಸುನೀಲ ಹಿಂಜರಿಯುತ್ತ ಪೆಡಲನ್ನು ಮುಂದಿಟ್ಟ. ನಿಜವಾದ ಆಂಪೊಂದರ ದನಿ ಕೇಳಿ ಕಲಿತುಕೊಳ್ಳುವ ಸೌಕರ್ಯ ಅದರಲ್ಲಿತ್ತು, ಅವನು ಬಳಸಿರಲಿಲ್ಲ. ಇನ್‌ಸ್ಟಂಟ್ ಕಾಫಿ ಎಂದವರು ಮುಖ ಹುಳ್ಳಗೆ ಮಾಡಿಕೊಂಡರು. ಆದರೆ ಮೋಟಾರುಗಳು ನಿಲ್ಲುವುದರೊಳಗೆ ಮಾಡಬೇಕೆಂದು ಅವಸರ ಮಾಡಿದವರೂ ಅವರೇ. ಆರ್ಕೆಸ್ಟ್ರಾದವರ ಒಂದು ಮೈಕು, ಒಂದು ಸ್ಪೀಕರು ಸುನೀಲನ ಮನೆಯಲ್ಲೇ ಇರುತ್ತಿದ್ದವು; ಆ ಮೈಕನ್ನು ಆಂಪಿನ ಮುಂದೆ ಇಟ್ಟರು. ಪೆಡಲ್ ತನ್ನದೇ ಭಾಷೆಯಲ್ಲಿ ಕೀರಲು, ಗೊಗ್ಗರು, ಭುಸ್ ಎನ್ನುವ ಸದ್ದುಗಳನ್ನೆಲ್ಲ ಆಂಪಿನ ಬಾಯಲ್ಲಿ ಹೊರಡಿಸಿ ಕೇಳಿಸಿಕೊಂಡಿತು. "ದೆವ್ವ ಬುಡ್ಸೋ ಹಂಗೆ ಅರಚ್ತದಲ್ಲಪ್ಪ" ಎಂದು ಚಿಕ್ಕಬಸಮ್ಮ ಕಿವಿ ಮುಚ್ಚಿಕೊಂಡಳು.

ಕಲಿಕೆ ಮುಗಿಯಿತು. ಶಾಂತರಾಜು ಗೋಡೆಯ ಕಡೆ ತಿರುಗಿ ಕೂತರು. ಸುನೀಲ ಒಮ್ಮೆ ಆಂಪಿನಲ್ಲಿ, ಒಮ್ಮೆ ಆರ್ಕೆಸ್ಟ್ರಾದ ಸ್ಪೀಕರಿಗೆ ಸಿಕ್ಕಿಸಿದ ಪೆಡಲಿನಲ್ಲಿ ನುಡಿಸಿದ. ಯಾವುದು ಯಾವುದೆಂದು ಹೇಳಲು ಹೋಗಿ ಅವರು ಎರಡು ಸಲ ಸೋತರು. ಆಮೇಲೆ ಸುನೀಲ ತಾನೇ ಗೋಡೆಗೆ ಮುಖ ಮಾಡಿದ. ಅವನೂ ಸೋತ.

ಮಾತುಕತೆ ಬೇಗ ಮುಗಿಯಿತು. ಆಂಪ್ ಇಲ್ಲೇ ಇರಲಿ, ಅದರ ಹಣ ಅವರಿಗೆ ಹಿಂದಿರುಗಲಿ, ಪೆಡಲ್ ಅವರು ಒಯ್ಯಲಿ, ಸುನೀಲನ ಕ್ವಾರ್ಟರ್ಸಿಗೆ ಅವರೇ ಒಂದು ಹೊಸ ಪೆಡಲ್ ಕಳಿಸಲಿ, ಅದರೊಳಗೂ ಇದೇ ದನಿ ತುಂಬಿಕೊಳ್ಳಲಿ. ವಾಲ್ವ್ ಬಿಟ್ಟು ಬೇರೆ ಮುಟ್ಟದ ಶಾಂತರಾಜು ಪೆಡಲನ್ನು ಮಗುವಿನಂತೆ ಟವಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿದರು.

ಸುನೀಲನಿಗೆ ಹೆಸರೂ ಉಳಿಯಿತು, ಆಂಪೂ ಬಂತು. ಹಳೇ ಪ್ರಶ್ನೆ ಮಾತ್ರ ಹಾಗೇ ಇತ್ತು. ತನ್ನ ಕಿವಿಗೇ ವ್ಯತ್ಯಾಸ ಗೊತ್ತಾಗದಿದ್ದರೆ ಮಾರಿದ್ದು ತಪ್ಪು ಹೇಗಾಯಿತು? ಲೆಕ್ಕಕ್ಕೆ ತಪ್ಪೇನೂ ಅಲ್ಲ. ಹೀಗೆಂದುಕೊಳ್ಳುತ್ತ ಆಂಪಿನ ಮುಂದೆ ಕೂತು ನುಡಿಸತೊಡಗಿದ. ದನಿ ಜಗಲಿ ದಾಟಿ ಅಂಗಳಕ್ಕೆ ಹೋಯಿತು. ಪುಟ್ಟಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹೊಸಿಲ ಮೇಲೆ ಕೂತಳು.

"ಇಷ್ಟು ದಿನ ತಂತಿ ಮ್ಯಾಲೆ ನಿಮ್ ಬೆಳ್ಳು ಆಡೋದ್ ನೋಡ್ಕಂಡೇ ಯಾವ್ ಹಾಡು ಅಂತ ಕಂಡಿಡಿಯಕ್ಕೆ ಒದ್ದಾಡ್ತಿದ್ದೆ" ಎಂದಳು.

ಅವನು ನುಡಿಸುವುದನ್ನು ನಿಲ್ಲಿಸಿದ. "ಗೊತ್ತಾಗ್ತಿತ್ತಾ?"

"ಒಂದೂ ಗೊತ್ತಾಗ್ನಿಲ್ಲ."

"ಮತ್ತೆ ಯಾಕಮ್ಮಿ ಬಾಯ್ಬುಟ್ಟು ಹೇಳ್ನಿಲ್ಲ?"

"ಹೇಳಿದ್ರೆ ಎಲ್ಲಿ ಕೇಳ್ತಿತ್ತು? ಕಿವಿ ಮುಚ್ಕಂಡಿದ್ರಲ್ಲ ನೀವು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸುನೀಲನಿಗೆ ಹೆಚ್ಚು ನಾಟಿತು. ಯಾವ ಹಾಡು ಬೇಕೆಂದು ಕೇಳಿದ. ಮದುವೆಯಾದ ಮೇಲೆ ಹಾಗೆ ಕೇಳಿದ್ದು ಅದೇ ಮೊದಲು. ಪುಟ್ಟಿ ಯೋಚಿಸಲೇ ಇಲ್ಲ, ತಟ್ಟನೆ ಹೇಳಿದಳು. ಅವಳ ತವರಿನಲ್ಲಿ ಕಳೆ ಕೀಳುವಾಗ ಹೆಂಗಸರು ಹಾಡುತ್ತಿದ್ದ ಹಾಡು, ಅವನಿಗೆ ಬಾರದ್ದು. ಅವಳು ಮೆಲ್ಲಗೆ ಒಂದು ಸಾಲು ಹೇಳಿಕೊಟ್ಟಳು. ಅವನು ತಂತಿಯ ಮೇಲೆ ತಡಕಾಡುತ್ತ, ತಪ್ಪುತ್ತ, ಅದನ್ನು ಹಿಡಿಯಲು ಕೂತ.