ಬ್ರೇಕ್ ಮೇಡಂ ಮೇಲೆ ಶನಿಯ ಕಣ್ಣು

ಕಾರು ಕಲಿಸುವ ಆ ಹೆಂಗಸನ್ನು ಎಲ್ಲರೂ ಬ್ರೇಕ್ ಮೇಡಂ ಅಂತಲೇ ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ ಬಿಡಿ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ, ಆಪತ್ತಿಗೆ ಬೇಕಲ್ಲ ಅಂತ. ಈ ಮಹಾತಾಯಿಗೆ ದಿನವಿಡೀ ಆಪತ್ತೇ. ಅಷ್ಟು ದೂರದಲ್ಲಿ ನಾಯಿಯೊಂದು ಮೈಮುರಿದರೂ ಇವಳ ಕಾಲು ಬ್ರೇಕ್ ಮೇಲೆ.

ಅವಳನ್ನು ಕೇಳಿದರೆ ತಪ್ಪು ತನ್ನದಲ್ಲ, ಜಾತಕದ್ದು. ಕುಜನ ಮೇಲೆ ಶನಿಯ ದೃಷ್ಟಿ ಬಿದ್ದಿದೆ ಅಂತ ಸೋದರತ್ತೆ ಹಿಂದೆ ಹೇಳಿದ್ದಳು. ಜಾತಕ ನೋಡುವುದರಲ್ಲಿ ಅತ್ತೆ ಎತ್ತಿದ ಕೈ. ಅಂಥವರಿಗೆ ವಾಹನದಿಂದಲೇ ಗಂಡಾಂತರ ಅಂತ ಅಮ್ಮ ಬೆಳಗಾದರೆ ಜಪ ಮಾಡುತ್ತಿದ್ದಳು. ಹಾಗಿದ್ದೂ ಕಾರು ಹಿಡಿದಳಲ್ಲ ಅಂತೀರಾ? ಕುಜ ಸುಮ್ಮನೆ ಬಿಡುತ್ತಾನೆಯೇ! ಅವಳಿಗೆ ಕಾರೆಂದರೆ ಪ್ರಾಣ, ಕಾರು ಹತ್ತಿದರೆ ಪ್ರಾಣಭಯ.

ಇದರಿಂದ ದೊಡ್ಡ ಎಡವಟ್ಟಾಯಿತು. ಮೇಡಂ ಮೊದಲೇ ಬ್ರೇಕ್ ಒತ್ತುತ್ತಿದ್ದುದರಿಂದ ಶಿಷ್ಯರು ಕಾರು ನಿಲ್ಲಿಸಿದ್ದು ತಾವೇ ಅಂದುಕೊಂಡುಬಿಡುತ್ತಿದ್ದರು. ಪರೀಕ್ಷೆಯ ದಿನ ಅವಳ ಜಾಗದಲ್ಲಿ ಅಧಿಕಾರಿ ಆರಾಮಾಗಿ ಕಾಲು ಚಾಚಿ ಕೂರುತ್ತಿದ್ದ, ಕಾರು ನಿಲ್ಲಬೇಕಾದ ಗೆರೆ ದಾಟಿ ಹೋಗುತ್ತಿತ್ತು. ಒಬ್ಬರ ಹಿಂದೊಬ್ಬರು ಫೇಲು. ಆಸ್ಪತ್ರೆಯ ನರ್ಸಮ್ಮನಂತೂ ಎರಡು ಸಲ.

"ಈ ಸಲವೂ ನರ್ಸಮ್ಮ ಫೇಲಾದರೆ ನೀವು ಬೇರೆ ಕೆಲಸ ನೋಡ್ಕೊಳ್ಳಿ ಮೇಡಂ," ಅಂದ ಶಾಲೆಯ ಮಾಲೀಕ. ಮೆತ್ತಗೇ ಅಂದ, ಅದೇ ಹೆಚ್ಚು ನೋವಾಯಿತು.

ಮೇಡಂ ನೆಟ್ಟಗೆ ಅತ್ತೆಯ ಮನೆಗೆ ಹೋದಳು. ಅತ್ತೆ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಅತ್ತೆ, ಈ ಶನಿ ನನ್ನ ಮೇಲಿಂದ ಯಾವಾಗ ಕಣ್ಣು ತೆಗೀತಾನೆ?"

"ತೆಗೆಯೋದಿಲ್ಲ ಕಣೇ. ಹುಟ್ಟಿದಾಗಿನ ದೃಷ್ಟಿ, ಕೊನೇವರೆಗೂ ಇರುತ್ತೆ."

ಮೇಡಂ ಹಣೆ ಚಚ್ಚಿಕೊಂಡಳು.

"ಅದಕ್ಕೇನೀಗ?" ಅತ್ತೆ ದಾರ ಕಡಿದಳು. "ಕುಜ ನುಗ್ಗು ಅಂತಾನೆ, ಶನಿ ತಾಳು ಅಂತಾನೆ. ಇಬ್ಬರ ಮಧ್ಯೆ ಸಿಕ್ಕಿಕೊಂಡವರಿಗೆ ಒದ್ದಾಟ ಜಾಸ್ತಿ. ಪಳಗಿದರೋ, ಅಂಥ ಗಟ್ಟಿ ಜನ ಬೇರೆ ಇಲ್ಲ. ನಾನು ಹೇಳಿದ್ದು ಇಷ್ಟೇ."

"ಮತ್ತೆ ಗಂಡಾಂತರ?"

"ಅದು ನಿಮ್ಮಮ್ಮ ಹಾಕಿದ ಒಗ್ಗರಣೆ. ಶನಿ ತಾಳು ಅಂದದ್ದು ನಿನಗೆ. ನೀನು ಊರವರನ್ನೆಲ್ಲ ತಡೀತಾ ಕೂತಿದ್ದೀಯ."

ನಗಬೇಕೋ ಅಳಬೇಕೋ ತಿಳಿಯದೆ ಮೇಡಂ ಎರಡನ್ನೂ ಮಾಡಿದಳು. ಇಷ್ಟು ವರ್ಷ ಹೊತ್ತ ಹೆದರಿಕೆ ಅಮ್ಮನದಂತೆ, ಗ್ರಹದ್ದಲ್ಲವಂತೆ.

ಮರುದಿನ ಖಾಲಿ ಮೈದಾನದಲ್ಲಿ ಮೇಡಂ ಚಪ್ಪಲಿ ಕಳಚಿ, ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತಳು. ನರ್ಸಮ್ಮ ಕಣ್ಣರಳಿಸಿದಳು.

"ಮೇಡಂ, ಬ್ರೇಕು?"

"ನಿಮ್ಮ ಕಾಲಡೀಲೂ ಒಂದಿದೆ, ನೋಡಿ."

ಕಾರು ಬೇಲಿಯ ಕಡೆ ಹೊರಟಿತು. ಮೇಡಂ ತನ್ನ ತೊಡೆ ಚಿವುಟಿಕೊಂಡಳೇ ಹೊರತು ಕಾಲು ಇಳಿಸಲಿಲ್ಲ. ನರ್ಸಮ್ಮ ಬ್ರೇಕ್ ಒತ್ತಿದಳು, ಕಾರು ನಿಂತಿತು. ಆಮೇಲೆ ಅದೇ ಕೆಲಸ, ಮತ್ತೆ ಮತ್ತೆ, ವಾರವಿಡೀ.

ಪರೀಕ್ಷೆಯಲ್ಲಿ ಕಾರು ಗೆರೆಯ ಹಿಂದೆಯೇ ನಿಂತಿತು. ಅಧಿಕಾರಿ ಇಳಿದು "ಪಾಸು" ಅಂದ. ಗೇಟಿನ ಬಳಿ ನಿಂತಿದ್ದ ಮೇಡಂ ಅಲ್ಲೇ ಕಟ್ಟೆ ಮೇಲೆ ಕಾಲು ಚಾಚಿ ಕೂತಳು. ಕೆಲಸ ಉಳಿಯಿತು.

ವಾಪಸು ಬರುವಾಗಲೂ ನರ್ಸಮ್ಮನೇ ಓಡಿಸಿದಳು. ಊರೆಲ್ಲ ಹಾರ್ನ್ ಹೊಡೆಯುವ ಹೊತ್ತು, ಬಸ್ಸು, ಸ್ಕೂಟರು, ಜನ. ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ, "ಸರಿಯಾಗಿ ನಿಲ್ಲಿಸಿದೆನಾ ಮೇಡಂ?" ಅಂತ ಕೇಳಿದಳು.

ಪಕ್ಕಕ್ಕೆ ತಿರುಗಿ ನೋಡಿದರೆ, ಬ್ರೇಕ್ ಮೇಡಂ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.