ಜಮಖಾನದ ಮೇಲೆ ಕುಳಿತುಕೊಳ್ಳುವ ವಿದ್ಯೆ

ಬರೆಯಲು ಕುಳಿತಿದ್ದೇನೆ ಎಂದು ಶುರು ಮಾಡಬೇಕೆಂದಿದ್ದೆ, ಅದು ಸುಳ್ಳಾಗುತ್ತದೆ. ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಇಷ್ಟು ಬರೆಯುವುದರೊಳಗೆ ಹಿತ್ತಲಿಗೆ ಹೋಗಿ ಎಮ್ಮೆಗೆ ಮೇವು ಹಾಕಿದ್ದಾರೋ ಇಲ್ಲವೋ ನೋಡಿ ಬಂದೆ. ಹಾಕಿದ್ದರು. ಹಾಕಿರುತ್ತಾರೆಂದು ನನಗೆ ಗೊತ್ತಿತ್ತು, ಎಮ್ಮೆಗೂ ಗೊತ್ತಿತ್ತು, ನನ್ನ ಕಾಲುಗಳಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಊಟಕ್ಕೆ ಕುಳಿತರೆ ಅನ್ನ ಬರುವುದರೊಳಗೆ ಮಣೆ ಒಂದು ಗೇಣು ಮುಂದೆ ಸರಿದಿರುತ್ತದೆ ಎಂಬುದು ನನ್ನ ಹೆಂಡತಿಯ ದೂರು. ಮಜ್ಜಿಗೆಯ ಹೊತ್ತಿಗೆ ನಾನು ಒಲೆಯ ಹತ್ತಿರವೇ ಬಂದಿರುತ್ತೇನಾದ್ದರಿಂದ ಬಡಿಸಲು ಅನುಕೂಲವಲ್ಲವೇ ಎಂದು ನಾನು ವಾದಿಸುತ್ತೇನೆ. ಅವಳು ಇನ್ನೂ ಒಪ್ಪಿಲ್ಲ.

ಇಂಥ ಕಾಲುಗಳನ್ನು ಪಡೆದು ಬರುವವನು ಅಂಚೆಯವನ ಮನೆಯಲ್ಲಿ ಹುಟ್ಟಬೇಕಿತ್ತು. ನಾನು ಹುಟ್ಟಿದ್ದು ಹಳಿಯಾಳದ ಕಟ್ಟಿಗೆ ವ್ಯಾಪಾರಿಯ ಮನೆಯಲ್ಲಿ.

ಕಟ್ಟಿಗೆಯ ವ್ಯಾಪಾರವೆಂದರೆ ಕಾಡು ಅಲೆಯುವ ಕೆಲಸ ಎಂದು ಹೊರಗಿನವರು ತಿಳಿದಿದ್ದಾರೆ. ಕಾಡು ಅಲೆಯುವುದು ಎತ್ತುಗಳು, ಗಾಡಿಯವರು ಮತ್ತು ಜಂಗಲ್ ಖಾತೆಯ ಗಾರ್ಡುಗಳು. ವ್ಯಾಪಾರಿ ಕುಳಿತಿರುತ್ತಾನೆ. ನಮ್ಮ ಪೇಟೆಯ ಈ ತುದಿಯಿಂದ ಆ ತುದಿಯವರೆಗೆ ಹೋದರೆ ಕಾಣುವುದು ಬಿಳಿ ಗಾದಿ, ಲೋಡು, ಲೋಡಿಗೆ ಒರಗಿದ ಬೆನ್ನು, ಮಡಚಿದ ಕಾಲು. ಹೋದವನೂ ಕುಳಿತುಕೊಳ್ಳಬೇಕು. ಕುಳಿತ ಕೂಡಲೇ ವ್ಯಾಪಾರದ ಮಾತು ತೆಗೆದರೆ ಅವನಿಗೆ ಮನೆಯಲ್ಲಿ ಯಾರೂ ನಾಲ್ಕು ಮಾತು ಕಲಿಸಿಲ್ಲವೆಂದು ಅರ್ಥ. ಮೊದಲು ಮಳೆ, ಆಮೇಲೆ ಮಕ್ಕಳ ಮದುವೆ, ಅಳ್ನಾವರದ ರೈಲು ತಡವಾದದ್ದು, ಚಹಾ, ಎಲೆ ಅಡಿಕೆ. ಇಷ್ಟೆಲ್ಲ ಆಗಿ ಇನ್ನೇನು ಹೊರಡಬೇಕು ಎನ್ನುವಾಗ, ಕಾಲಲ್ಲೇ ಚಪ್ಪಲಿ ಹುಡುಕುತ್ತ, ಏನೋ ಮರೆತದ್ದು ನೆನಪಾದವರಂತೆ, ಮತ್ತಿ ಮರದ ದಿಮ್ಮಿ ಇವೆಯೇ ಎಂದು ಕೇಳಬೇಕು. ಪರಿಚಯ, ನಂಬಿಕೆ, ಪಾಲುದಾರಿಕೆ, ಮುಂಬಯಿಯ ಸುದ್ದಿ ಎಲ್ಲವೂ ಹೀಗೆ ಕುಳಿತ ಮಂದಿಯ ಮೊಣಕಾಲುಗಳ ನಡುವೆಯೇ ಓಡಾಡುತ್ತವೆ. ಎದ್ದು ಓಡಾಡುವವನ ಕಿವಿಗೆ ಬೀಳುವುದಿಲ್ಲ.

ನಮ್ಮ ಮಾತಿನ ರೂಢಿಯೂ ಕುಳಿತವರ ಪರವಾಗಿಯೇ ಇದೆ. ವ್ಯಾಪಾರ ಮುಳುಗಿದವನನ್ನು ದಿವಾಳಿ ಎದ್ದ ಎನ್ನುತ್ತಾರೆ. ದಿವಾಳಿ ಕುಳಿತ ಎಂದು ಯಾರೂ ಅಂದದ್ದಿಲ್ಲ. ದೇವರ ಪಟಕ್ಕೂ ಇದೇ ನಿಯಮ. ಅಂಗಡಿಯಲ್ಲಿ ಹಾಕುವ ಲಕ್ಷ್ಮಿ ಕಮಲದ ಮೇಲೆ ಕುಳಿತಿರಬೇಕು, ನಿಂತ ಲಕ್ಷ್ಮಿಯನ್ನು ತಂದರೆ ಹಾಗೆಯೇ ಹೊರಟುಹೋಗುತ್ತಾಳಂತೆ. ಆದರೆ ಪಂಡಿತರು ಅವಳಿಗೆ ಇಟ್ಟಿರುವ ಹೆಸರು ಚಂಚಲೆ, ಒಂದು ಕಡೆ ನಿಲ್ಲದವಳು. ಪಂಡಿತರು ಒಂದು ಹೇಳುತ್ತಾರೆ, ಪಟ ಬರೆಯುವವನು ಇನ್ನೊಂದು ಬರೆಯುತ್ತಾನೆ, ವ್ಯಾಪಾರಿ ಎರಡಕ್ಕೂ ಸೇರಿಸಿ ಒಂದೇ ಊದಿನಕಡ್ಡಿ ಹಚ್ಚುತ್ತಾನೆ. ದಿಮ್ಮಿ ಪೇರಿಸಿಟ್ಟು ಮಾರುವ ನಮ್ಮ ವಖಾರದಲ್ಲಿಯೂ ಅಂಥದೊಂದು ಪಟವಿದೆ. ಚಿಕ್ಕಂದಿನಿಂದ ನಾನು ಅವಳನ್ನು ನೋಡುತ್ತ ಬಂದಿದ್ದೇನೆ. ಇವಳಾದರೂ ಹೇಗೆ ಕುಳಿತಳು ಎಂಬುದು ನನಗೆ ಬಹಳ ದಿನ ಬಗೆಹರಿಯದ ಪ್ರಶ್ನೆಯಾಗಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಅಪ್ಪ ವಖಾರವನ್ನು ನನ್ನ ಕೈಗೆ ಕೊಟ್ಟಿದ್ದರು. ದಾಂಡೇಲಿಯಲ್ಲಿ ಜಂಗಲ್ ಖಾತೆಯ ಡಿಪೋದಲ್ಲಿ ಸಾಗವಾನಿಯ ಲಿಲಾವು, ಅಂದರೆ ಹರಾಜು, ಆದಾಗಲೆಲ್ಲ ನಾನು ಹೋಗಿ ಬರಿಗೈಯಲ್ಲಿ ಬರುತ್ತಿದ್ದೆ. ಒಂದು ದಿನ ಅಪ್ಪ ಗಾದಿಯ ಮೇಲಿಂದಲೇ ನನ್ನನ್ನು ಕರೆದರು.

"ಈ ಸಲ ನಿನ್ನ ಹೆಸರಿಲೆ ಒಂದ ಲಾಟಾದ್ರೂ ಸಾಗವಾನಿ ವಖಾರಕ್ಕ ಬರಬೇಕು. ಇಲ್ಲಂದ್ರ ವಖಾರ ನಿಮ್ಮ ಸೋದರಮಾವಗ ಕೊಟ್ಟ, ನಿನ್ನ ಮಾಮಲೇದಾರ ಕಚೇರ್ಯಾಗ ಕಾರಕೂನ ಮಾಡಿಸ್ತೇನಿ. ಖುರ್ಚಿ ಮ್ಯಾಲ ಕುಂಡ್ರೂದರೆ ಕಲೀತಿ."

ಅವರು ಸುಮ್ಮನೆ ಹೆದರಿಸುವವರಲ್ಲ. ಕಾರಕೂನರ ಖುರ್ಚಿಗಳನ್ನು ನಾನು ನೋಡಿದ್ದೆ. ವರ್ಷಗಟ್ಟಲೆ ಕುಳಿತು ಕುಳಿತು ಬೆತ್ತ ತಗ್ಗು ಬಿದ್ದಿರುತ್ತದೆ. ಆ ತಗ್ಗಿನಲ್ಲಿ ನನ್ನ ಉಳಿದ ಆಯುಷ್ಯ ಕಾಣಿಸಿತು. ಮರಗಳ ವಾಸನೆ, ಗಾಡಿಗಳ ಗದ್ದಲ, ಹೊಳೆ, ದಾಂಡೇಲಿಯ ದಾರಿ ಎಲ್ಲ ಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಒಂದೇ ಕಿಟಕಿಯ ಎದುರು. ಆ ವಾರ ನನಗೆ ಊಟ ಸೇರಲಿಲ್ಲ.

ಓದಿದವನಾದ್ದರಿಂದ ನಾನು ಪುಸ್ತಕದ ಮೊರೆ ಹೋದೆ. ವ್ಯಾಪಾರದಲ್ಲಿ ಮುಂದೆ ಬರುವುದು ಹೇಗೆಂದು ಹೇಳುವ ಒಂದು ಇಂಗ್ಲಿಷ್ ಪುಸ್ತಕವನ್ನು ಧಾರವಾಡದಿಂದ ತಂದು ಅಡಿಗೆರೆ ಎಳೆದು ಓದಿದೆ. ದೊಡ್ಡವರ ಪರಿಚಯ ಬೆಳೆಸಿಕೊಳ್ಳಬೇಕು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು, ಕೈ ಕುಲುಕಬೇಕು, ಹೆಸರಿನ ಕಾರ್ಡು ಕೊಡಬೇಕು, ಸಮಯಕ್ಕೆ ಬೆಲೆ ಕೊಡಬೇಕು ಎಂದು ಅದರಲ್ಲಿತ್ತು. ಕಾರ್ಡು ಅಚ್ಚು ಹಾಕಿಸಿದೆ. ಸಮಯಕ್ಕೆ ಬೆಲೆ ಕೊಡಲು ಕೈಗಡಿಯಾರ ಕೊಂಡೆ. ಪೇಟೆಯಲ್ಲಿ ಈ ಆಯುಧಗಳ ಪ್ರಯೋಗವೂ ನಡೆಯಿತು. ಒಬ್ಬರು ನನ್ನ ಕಾರ್ಡಿನ ತುದಿಯಿಂದ ಎಲೆಗೆ ಸುಣ್ಣ ಸವರಿಕೊಂಡರು, ಗಟ್ಟಿ ಕಾಗದ ಎಂದು ಹೊಗಳಿದರು. ಇನ್ನೊಬ್ಬರ ಕೈ ಕುಲುಕಲು ಹಿಡಿದಾಗ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ಹಳೆಯ ರೂಢಿಯಿಂದ, ಅವರು ಗಂಭೀರವಾಗಿ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ನಮ್ಮಿಬ್ಬರ ಕೈ ಮುಚ್ಚಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಕ್ಕೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ನನಗೆ ಕಣ್ಣು ಬಂದಿದೆಯೆಂದು ತಿಳಿದು ಮುಖ ತಿರುಗಿಸಿದರು.

ಲಿಲಾವಿನ ದಿನ ಸರ್ವಿಸ್ ಮೋಟಾರು ಹಿಡಿದು ದಾಂಡೇಲಿಗೆ ಹೋದೆ. ಅಲ್ಲಿಯ ಪದ್ಧತಿ ಇದು. ರೇಂಜರ್ ಸಾಹೇಬರು ಬಂದು ಮೇಜಿನ ಹಿಂದೆ ನಿಲ್ಲುವ ಮುಂಚೆ, ಡಿಪೋದ ಹೊರಗೆ ಮಾವಿನ ಮರದ ಕೆಳಗೆ ವ್ಯಾಪಾರಿಗಳು ಒಂದು ಜಮಖಾನ ಹಾಸಿ ಕುಳಿತುಕೊಳ್ಳುತ್ತಾರೆ. ಹಳಿಯಾಳದವರು, ಮುಂಡಗೋಡದವರು, ಜೋಯಿಡಾ ಕಡೆಯ ಕೊಂಕಣಿ ಮಾತಾಡುವವರು. ಮಾತು ಊರೆಲ್ಲ ಸುತ್ತುತ್ತದೆ. ಅದರ ನಡುವೆಯೇ ಯಾರಿಗೆ ಯಾವ ಲಾಟಿನ ಮೇಲೆ, ಅಂದರೆ ಯಾವ ದಿಮ್ಮಿಯ ರಾಶಿಯ ಮೇಲೆ, ಮನಸ್ಸಿದೆ ಎಂಬುದು, ಒಬ್ಬರ ಮೇಲೊಬ್ಬರು ಹಟಕ್ಕೆ ಬೀಳದ ಹಾಗೆ, ತಾನಾಗಿ ತಿಳಿದುಹೋಗುತ್ತದೆ. ಕೊನೆಗೆ ಎಲೆ ಅಡಿಕೆಯ ತಾಟು ಒಂದು ಸುತ್ತು ಬರುತ್ತದೆ. ತಾಟು ಬರುವ ಮುಂಚೆ ಎದ್ದವನು ಈ ಸಲ ತನಗೇನೂ ಬೇಡವೆಂದು ಹೇಳಿದಂತೆ. ಆಮೇಲೆ ಅವನು ಲಿಲಾವಿನಲ್ಲಿ ಕೂಗಿದರೆ ಇಡೀ ಜಮಖಾನವೇ ಅವನ ಮೇಲೆ ಏರಿಸಿ ಕೂಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೆಲ್ಲ ನಾನು ಬರಿಗೈಯಲ್ಲಿ ಬಂದದ್ದು ಇದೇ ಕಾರಣಕ್ಕೆ.

ನನ್ನ ಎದುರಿಗೇ ದಾಂಡೇಲಿಯ ಮಲಿಕಸಾಬರು ಕುಳಿತಿದ್ದರು. ರೈಲು ಹಳಿಯ ಕೆಳಗೆ ಹಾಸುವ ಮರದ ಸ್ಲೀಪರು ಒದಗಿಸುವ ದೊಡ್ಡ ವ್ಯಾಪಾರಿ, ಎಲ್ಲರಿಗೂ ಹಿರಿಯರು. ಅವರು ಕುಳಿತರೆಂದರೆ ಬಂಡೆ. ಬೇಸಿಗೆಯಲ್ಲಿಯೂ ಮೊಣಕಾಲಿನಿಂದ ಪಾದದವರೆಗೆ ಒಂದು ಕಂದು ಶಾಲು ಹೊದ್ದುಕೊಂಡಿರುತ್ತಿದ್ದರು. ವಾತ ಎಂದು ಕೆಲವರು, ಅಜ್ಮೇರದಿಂದ ತಂದ ಶಾಲು ಎಂದು ಕೆಲವರು. ಕೂಡುವುದೆಂದರೆ ಹೀಗೆ ಎಂದು ಅಪ್ಪ ಅವರನ್ನೇ ನನಗೆ ಉದಾಹರಣೆ ಕೊಡುತ್ತಿದ್ದರು.

ನಾನು ಕುಳಿತೆ. ಮಳೆಯ ಮಾತಾಯಿತು. ಎಡಗಾಲಿಗೆ ಜೋಮು ಹಿಡಿಯಿತು. ಯಾರದೋ ಅಳಿಯನಿಗೆ ಹುಬ್ಬಳ್ಳಿಯಲ್ಲಿ ನೌಕರಿಯಾದ ಮಾತಾಯಿತು. ಬಲಗಾಲಿಗೆ ಜೋಮು ಹಿಡಿಯಿತು. ಗಡಿಯಾರ ನೋಡಿಕೊಂಡೆ, ಕಾರಕೂನನ ಖುರ್ಚಿಯನ್ನು ನೆನಸಿಕೊಂಡೆ, ಹಲ್ಲು ಕಚ್ಚಿದೆ. ಅಳಿಯನ ಮಾತು ಮುಗಿದು ಅಳಿಯನ ತಮ್ಮನ ಮಾತು ಶುರುವಾಯಿತು. ಯಾವಾಗ ಎದ್ದೆನೋ ನನಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ನಾನು ಡಿಪೋದೊಳಗೆ ಸಾಗವಾನಿಯ ರಾಶಿಗಳ ನಡುವೆ ನಡೆಯುತ್ತಿದ್ದೆ.

ಓಡಿ ಬಂದೆ. ನನ್ನ ಜಾಗ ಇರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಆಚೆಯ ಮೊಣಕಾಲು ಈಚೆ ಸರಿದಿತ್ತು, ಈಚೆಯದು ಆಚೆ. ನಮ್ಮ ಊರಿನವರೇ ಆದ ಚನ್ನಬಸಪ್ಪನವರು ಮೃದುವಾಗಿ ಹೇಳಿದರು.

"ನೀವ ಎದ್ರಲ್ಲ. ಈ ಸಲ ಮನಸಿಲ್ಲಂತ ತಿಳಕೊಂಡ್ವಿ. ಇರ್ಲಿ ಬಿಡ್ರಿ, ಮುಂದಿನ ಸಲ ನೋಡೂಣು."

ನನಗೆ ಮುಂದಿನ ಸಲ ಎಂಬುದಿರಲಿಲ್ಲ. ಹೇಳಿದರೆ ನಗುತ್ತಾರೆ. ತಿರುಗಿ ರಾಶಿಗಳ ನಡುವೆ ಹೋದೆ. ಕಾಳಿ ಹೊಳೆ ಕಾಣುವವರೆಗೆ ನಡೆದೆ. ಕಣ್ಣಲ್ಲಿ ನೀರು ಬಂದದ್ದು ನಿಜ. ಕಾಲುಗಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವುಗಳನ್ನು ಅಲ್ಲಿಯೇ ಬಿಟ್ಟು ಬರಬೇಕೆನಿಸಿತು. ಆದರೆ ಬರುವುದಕ್ಕೂ ಅವೇ ಬೇಕಾಗಿದ್ದವು.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ನೋಡಿದರೆ ಮಲಿಕಸಾಬರು. ಶಾಲನ್ನು ಕಂಕುಳಲ್ಲಿ ಸುತ್ತಿಟ್ಟುಕೊಂಡು ಭರಭರನೆ ಬರುತ್ತಿದ್ದಾರೆ. ನಾನು ಬೈಗುಳಕ್ಕೆ ಸಿದ್ಧನಾದೆ.

"ನಡೀ ತಮ್ಮಾ, ನಿಲ್ಲಬ್ಯಾಡ," ಎಂದರು. "ಹೊಳಿ ತನಕ ಒಂದ್ ಸುತ್ತ ಹೋಗೂಣು."

ನಡೆದೆವು. ಸ್ವಲ್ಪ ದೂರ ಹೋದ ಮೇಲೆ ನಾನೇ ಕೇಳಿದೆ. "ಕಾಕಾ, ನೀವ ಯಾಕ ಎದ್ರಿ? ತಾಟ ಬಂದಿಲ್ಲ."

"ನೀ ಎದ್ದಿಯಲ್ಲ, ನೋಡಿ ತಡಕೊಳ್ಳಾಕ ಆಗಲಿಲ್ಲ," ಎಂದರು. "ನಂದೂ ಹುಟ್ಟಾ ಇದ ಹಾಡು. ಕಾಲ ಒಂದ ಕಡೆ ನಿಲ್ಲಂಗಿಲ್ಲ. ಶಾಲ ಯಾಕ ಹೊದೀತೇನಿ ಅಂತ ಮಾಡಿ? ಒಳಗ ಬೆರಳ ಆಡಿಸ್ಕೋತ ಕುಂತಿರ್ತೇನಿ. ಮ್ಯಾಲ ಕಾಣಬಾರದು, ಅಷ್ಟ."

ನಾನು ಅವರ ಪಾದಗಳನ್ನು ನೋಡಿದೆ. ನಿಂತಾಗಲೂ ಚಪ್ಪಲಿಯೊಳಗೆ ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿತ್ತು. ನನ್ನದೂ ಆಡುತ್ತಿತ್ತು. ಹಾಗೆ ಇಬ್ಬರೂ ಹೊಳೆಯ ದಂಡೆಯಲ್ಲಿ ನಿಂತಿರುವಾಗ ರಾಶಿಗಳ ಹಿಂದೆ ಗುಸುಗುಸು ಕೇಳಿಸಿತು.

ಜಮಖಾನವೆಲ್ಲ ಎದ್ದು ಬಂದಿತ್ತು. ಎಷ್ಟೋ ವರ್ಷಗಳಿಂದ ತಾಟು ಬರುವ ಮುಂಚೆ ಏಳದ ಮಲಿಕಸಾಬರು ಎದ್ದು, ಅದೂ ಭರಭರನೆ, ಹೊಳೆಯ ಕಡೆ ಹೋದರೆಂದರೆ ಅಲ್ಲಿ ಏನೋ ಅಪರೂಪದ ಮಾಲು ಇರಲೇಬೇಕೆಂದು ಎಲ್ಲರ ಲೆಕ್ಕ. ಮೊದಲು ಮುಂಡಗೋಡದವರು ಎದ್ದರಂತೆ, ಅವರು ಎದ್ದರೆಂದು ಜೋಯಿಡಾದವರು, ಕೊನೆಗೆ ಚನ್ನಬಸಪ್ಪನವರು ಒಂದು ಚಪ್ಪಲಿ ತಮ್ಮದು, ಒಂದು ಬೇರೆಯವರದು ಮೆಟ್ಟಿಕೊಂಡು ಬಂದಿದ್ದರು. ಅಲ್ಲಿದ್ದದ್ದು ಕೆಮ್ಮಣ್ಣು ಮತ್ತು ಒಂದಷ್ಟು ಪೊಳ್ಳು ಮತ್ತಿಯ ತುಂಡುಗಳು. ಎಲ್ಲರೂ ಅವನ್ನು ಬಹಳ ಗಂಭೀರವಾಗಿ ಬಡಿದು ನೋಡಿದರು. ಆದರೆ ಒಂದು ವಿಷಯ ಹೇಳಬೇಕು: ಆ ಹಿರಿಯರು ಹೊಳೆಯ ಗಾಳಿಗೆ ಸೊಂಟ ನೀವಿಕೊಂಡು, ಮೈ ಮುರಿದು, ಆಚೀಚೆ ಓಡಾಡಿದ ಸುಖವನ್ನು ನಾನು ಯಾವ ಗಾದಿಯ ಮೇಲೂ ಕಂಡಿಲ್ಲ.

"ಕುಂಡ್ರೂಣು ಬರ್ರಿ," ಎಂದರು ಮಲಿಕಸಾಬರು. "ಎಲ್ಲಾರೂ ಎದ್ದ ಬಂದೀವಿ. ಇನ್ನ ಮೊದಲಿಂದ ಕೂಡಬೇಕು."

ಎಲ್ಲರೂ ಎದ್ದ ಮೇಲೆ ಯಾರು ಮೊದಲು ಎದ್ದರೆಂಬ ಪ್ರಶ್ನೆಯನ್ನು ಎತ್ತಲು ಯಾರಿಗೂ ಬಾಯಿರಲಿಲ್ಲ. ಹೊಸದಾಗಿ ಕುಳಿತೆವು. ಮಲಿಕಸಾಬರು ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಬಿಸಿಲಿಗೆ ಕಾದ ಆ ಶಾಲಿನ ಅರ್ಧವನ್ನು ನನ್ನ ಕಾಲ ಮೇಲೆ ಹರಡಿದರು. "ಈಗ ಎಷ್ಟ ಬೇಕಷ್ಟ ಆಡಿಸು," ಎಂದು ಕಿವಿಯಲ್ಲಿ ಹೇಳಿದರು. ಅಳಿಯನ ತಮ್ಮನ ಮಾತು ಪೂರ್ತಿಯಾಯಿತು, ತಮ್ಮನ ಮಾವನದೂ ಆಯಿತು. ಶಾಲಿನ ಕೆಳಗೆ ನನ್ನ ಬೆರಳುಗಳು ಹಳಿಯಾಳಕ್ಕೆ ಹೋಗಿ ಬರುವಷ್ಟು ನಡೆದವು. ಮೇಲೆ ನಾನು ಬಂಡೆಯಾಗಿದ್ದೆ. ತಾಟು ಬಂತು. ಎಲೆಗೆ ಸುಣ್ಣ ಹಚ್ಚುತ್ತ, ಏನೋ ಮರೆತದ್ದು ನೆನಪಾದವನಂತೆ, ಬಾವಿಯ ಕಡೆಯ ಸಾಗವಾನಿಯ ಲಾಟು ಚೆನ್ನಾಗಿದೆ ಎಂದೆ. ಲಿಲಾವಿನಲ್ಲಿ ಆ ಲಾಟಿಗೆ ನಾನು ಕೂಗಿದಾಗ ನನ್ನ ಮೇಲೆ ಯಾರೂ ಕೂಗಲಿಲ್ಲ.

ಗಾಡಿಗಳು ವಖಾರಕ್ಕೆ ಬಂದ ದಿನ ಅಪ್ಪ ಗಾದಿ ಬಿಟ್ಟು ಹೊರಗೆ ಬಂದರು. ದಿಮ್ಮಿಗಳ ಸುತ್ತ ಒಂದು ಸುತ್ತು ಹಾಕಿ, "ಕಡೀತನಕ ಕುಂತಿದ್ಯಾ?" ಎಂದು ಕೇಳಿದರು. ಕುಂತಿದ್ದೆ ಎಂದೆ. ಅವರು ಇನ್ನೊಂದು ಸುತ್ತು ಹಾಕಿದರು. ಆಮೇಲೆ ಕಾರಣವೇ ಇಲ್ಲದೆ ಮತ್ತೊಂದು ಸುತ್ತು. ಅಂದಿನಿಂದ ನಾನು ಅವರ ಕಾಲುಗಳನ್ನು ಗಮನಿಸತೊಡಗಿದ್ದೇನೆ. ಗಾದಿಯ ಮೇಲೆ ಕುಳಿತಾಗ ಅವರು ಪಂಚೆಯ ತುದಿಯನ್ನು ಯಾಕೆ ಅಷ್ಟು ಎಳೆದು ಪಾದ ಮುಚ್ಚಿಕೊಳ್ಳುತ್ತಾರೆಂಬುದು ನನಗೆ ಈಗ ಗೊತ್ತು.

ಧಾರವಾಡದ ಪುಸ್ತಕವನ್ನು ಇನ್ನೊಮ್ಮೆ ತಿರುವಿ ನೋಡಿದೆ. ಕಾರ್ಡು ಇದೆ, ಗಡಿಯಾರ ಇದೆ, ಶಾಲಿನ ಮಾತು ಎಲ್ಲಿಯೂ ಇಲ್ಲ. ನಾನೂ ಒಂದು ಕಂದು ಶಾಲು ಕೊಂಡಿದ್ದೇನೆ. ನನ್ನಷ್ಟು ಸ್ಥಿರವಾಗಿ ಕೂಡುವವರು ಈಚಿನವರಲ್ಲಿ ಇಲ್ಲವೆಂದು ಜಮಖಾನದ ಮೇಲೆ ಮಾತಾಡಿಕೊಳ್ಳುತ್ತಾರಂತೆ. ವಖಾರ ನಡೆಯುತ್ತಿದೆ, ಖುರ್ಚಿ ತಪ್ಪಿತು.

ಇವತ್ತು ಬೆಳಿಗ್ಗೆ ಊದಿನಕಡ್ಡಿ ಹಚ್ಚುವಾಗ ಪಟವನ್ನು ಹತ್ತಿರದಿಂದ ನೋಡಿದೆ. ಕಮಲ ಇದೆ, ಕೈಗಳಿವೆ, ಕಿರೀಟವಿದೆ. ಪಟ ಬರೆದವನು ಸೀರೆಯ ನಿರಿಗೆಯನ್ನು ಮಾತ್ರ ಬಹಳ ಉದಾರವಾಗಿ ಇಳಿಬಿಟ್ಟು ಪಾದಗಳನ್ನು ಪೂರ್ತಿ ಮುಚ್ಚಿದ್ದಾನೆ. ನಾನು ಅವಳಿಗೆ ಕೈಮುಗಿದು, ಏನೂ ತಿಳಿಯದವನ ಹಾಗೆ ಹೊರಗೆ ಬಂದೆ.