ಹನಮವ್ವ ಪಾಟಾ ಕಟ್ಟಿಕೊಡುವುದಿಲ್ಲ

ನಿಡಗುಂದಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಕುಲುಮೆ ಮಾತ್ರ ಕೆಂಪಗಿದೆ. ಗುರಪ್ಪ ಎಡಗೈಯಲ್ಲಿ ಇಕ್ಕಳ ಹಿಡಿದು ಕಾದ ಉಕ್ಕಿನ ಪಟ್ಟಿಯನ್ನು ಅಡಿಗಲ್ಲಿನ ಮೇಲೆ ಇಡುತ್ತಾನೆ. ಹೆಂಡತಿ ಹನಮವ್ವ ಕಚ್ಚೆ ಬಿಗಿದು, ದೊಡ್ಡ ಸುತ್ತಿಗೆ ಎತ್ತಿ ಹೊಡೆಯುತ್ತಾಳೆ. ಅವನು ಪಟ್ಟಿಯನ್ನು ತುಸು ಸರಿಸುತ್ತಾನೆ, ಅವಳು ಮತ್ತೆ ಹೊಡೆಯುತ್ತಾಳೆ. ಗಂಡ ಹೆಂಡಿರ ನಡುವೆ ಮಾತಿಲ್ಲ. ಕೆಲಸಕ್ಕೆ ಮಾತು ಬೇಕಾಗಿಲ್ಲವೆಂದು, ಅವರ ಕೆಲಸ ನೋಡಲು ಬಂದಿದ್ದ ನಾನು ಮೊದಲು ಅಂದುಕೊಂಡಿದ್ದೆ.

ಆಲಮಟ್ಟಿ ಅಣೆಕಟ್ಟಿನ ಕೆಲಸ ಶುರುವಾದ ಮೇಲೆ ಈ ಕಡೆ ಪಿಕಪ್ ಜೀಪುಗಳು ಹೆಚ್ಚಿವೆ. ಈ ಗಾಡಿಗೆ ರಸ್ತೆಯೇ ಬೇಕಿಲ್ಲ ಎಂದು ಯಾರೋ ಮಾಲೀಕರನ್ನು ನಂಬಿಸಿದ್ದಾರೆ. ಕಲ್ಲಿನ ಖಣಿ, ಹಳ್ಳ, ಕಾಲುವೆ ಅಗೆದ ಎರೆಮಣ್ಣಿನ ದಿಬ್ಬ, ಎಲ್ಲೆಂದರಲ್ಲಿ ಓಡಿಸುತ್ತಾರೆ. ಬೆಳಿಗ್ಗೆ ಆಳು, ಹಗಲೆಲ್ಲ ಕಲ್ಲು, ಸಂಜೆ ಮತ್ತೆ ಆಳು. ಅಷ್ಟೂ ಭಾರ ಹೊರುವುದು ಅಚ್ಚಿನ ಮೇಲೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಇವಕ್ಕೆ ಡ್ರೈವರುಗಳು ಪಾಟಾ ಎನ್ನುತ್ತಾರೆ. ಭಾರಕ್ಕೆ ನೆಟ್ಟಗಾದ ಪಾಟಾವನ್ನು ಕಾಸಿ ಬಾಗಿಸುವುದು, ಮುರಿದದ್ದರ ಜಾಗಕ್ಕೆ ಬೇರೆಯದನ್ನು ಕೂರಿಸುವುದು ಈ ದಂಪತಿಯ ಕೆಲಸ. ಇಂಡಿ, ಸಿಂದಗಿಯಿಂದಲೂ ಗಾಡಿಗಳು ಬರುತ್ತವೆ. ದಿನಕ್ಕೆ ಎರಡು ಗಾಡಿ ಮುಗಿದರೆ ಹೆಚ್ಚು.

ಸುತ್ತಿಗೆ ಮೊದಲು ಗುರಪ್ಪನದಾಗಿತ್ತು. ಹನಮವ್ವ ತಿದಿ ಒತ್ತುತ್ತಿದ್ದಳು. ಬರಗಾಲದ ವರ್ಷ ಒಂದು ಬೆಳಿಗ್ಗೆ, ಹೆಣ್ಣಾಳು ತುಂಬಿದ ಪಿಕಪ್ಪೊಂದು ಮುಂದಿನ ಪಾಟಾ ಮುರಿದುಕೊಂಡು ಶೆಡ್ಡಿನ ಮುಂದೆ ನಿಂತಿತು. ಕೆಲಸಕ್ಕೆ ತಡವಾದರೆ ಅಂದಿನ ಕೂಲಿ ಇಲ್ಲ. ಇಂಥ ಹೊತ್ತಿಗೆ ಈ ಕಡೆ ಎಲ್ಲರೂ ಮಾಡುವುದನ್ನೇ ಗುರಪ್ಪನೂ ಮಾಡಿದ. ಮುರಿದಲ್ಲಿ ಜಾಲಿ ಕಟ್ಟಿಗೆಯ ತುಂಡು ಕೊಟ್ಟು, ಸೈಕಲ್ ಟ್ಯೂಬು ಸೀಳಿ ಬಿಗಿಯಾಗಿ ಸುತ್ತಿದ. ಧೈರ್ಯಕ್ಕಿರಲಿ ಎಂದು ತಾನೂ ಹತ್ತಿ ಕುಳಿತ.

ಗೊಳಸಂಗಿ ಹತ್ತಿರದ ಹಳ್ಳದ ಇಳಿಜಾರಿನಲ್ಲಿ ಟ್ಯೂಬು ಹರಿಯಿತು. ಒಂದು ಮಗ್ಗುಲಿನ ಅಚ್ಚು ಹಿಂದೆ ಸರಿದು ಸ್ಟೇರಿಂಗ್ ತಾನೇ ತಿರುಗಿಕೊಂಡಿತು. ಡ್ರೈವರ್ ಹಿಡಿದೇ ಇದ್ದ, ಗಾಡಿ ಕೇಳಲಿಲ್ಲ. ಪಲ್ಟಿಯಾದ ಗಾಡಿಯ ಕೆಳಗೆ ಗುರಪ್ಪನ ಬಲಗೈ ಜಜ್ಜಿಹೋಯಿತು. ಸತ್ತವಳು ಒಬ್ಬಳೇ, ಶಂಕ್ರೆವ್ವ. ಹನಮವ್ವನ ಬೆನ್ನಿಗೆ ಬಿದ್ದ ತಂಗಿ.

"ಅವ ಕಟ್ಟಿದ್ದು ಗಟ್ಟೇ ಇತ್ರಿ, ನಾ ಕಣ್ಣಾರೆ ನೋಡೇನಿ," ಎನ್ನುತ್ತಾಳೆ ಹನಮವ್ವ. "ಕಟ್ಟಬಾರದಿತ್ತು, ಅಷ್ಟ." ಗುರಪ್ಪ ಕೇಳಿಸದವನಂತೆ ಬೆಂಕಿ ಕೆದಕುತ್ತಾನೆ. ಅವರ ಮೌನ ಎಲ್ಲಿಂದ ಬಂದದ್ದೆಂದು ನನಗೆ ಆಗ ತಿಳಿಯುತ್ತದೆ. ಮುರಿದ ಆ ಪಾಟಾ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದೆ. ಪಾಟಾ ಉಕ್ಕಿನ ಕುಡಗೋಲು ಬಾಳಿಕೆ ಬರುತ್ತದೆಂದು ರೈತರು ಕೇಳುತ್ತಾರೆ. ಹನಮವ್ವ ಬೇರೆ ಪಾಟಾದಲ್ಲಿ ಮಾಡಿಕೊಡುತ್ತಾಳೆ, ಅದನ್ನು ಮಾತ್ರ ಮುಟ್ಟಗೊಡುವುದಿಲ್ಲ.

ಹೊತ್ತು ಏರುವಾಗ ಬಾಬುಲಾಲ ಎಂಬ ಡ್ರೈವರ್ ಖಣಿಯ ಪಿಕಪ್ ತಂದು ನಿಲ್ಲಿಸುತ್ತಾನೆ. ಹಿಂದೆ ಹೆಂಗಸರು ಬುತ್ತಿ ಗಂಟು ಹಿಡಿದು ಒತ್ತಾಗಿ ನಿಂತಿದ್ದಾರೆ. ಮುಂದಿನ ಪಾಟಾ ಮುರಿದಿದೆ, ಸದ್ಯಕ್ಕೆ ಟ್ಯೂಬು ಸುತ್ತಿಕೊಡಿ ಎನ್ನುತ್ತಾನೆ. ಹೊಸದು ಕೂರಿಸಲು ಮಧ್ಯಾಹ್ನವಾಗುತ್ತದೆ, ಅಲ್ಲಿಯವರೆಗೆ ಗಾಡಿ ಕದಲುವಂತಿಲ್ಲ ಎಂದು ಹನಮವ್ವ ಹೇಳುತ್ತಾಳೆ. ಬಾಬುಲಾಲ ಕೆಟ್ಟವನಲ್ಲ. ಗಾಡಿ ತಡವಾದರೆ ಅವನ ನೌಕರಿಗೇ ಕುತ್ತು. ಗೊಣಗುತ್ತ ತಾನೇ ಗಾಡಿಯ ಕೆಳಗೆ ನುಸುಳಿ ಟ್ಯೂಬು ಸುತ್ತಿಕೊಳ್ಳುತ್ತಾನೆ.

ಹನಮವ್ವ ಸುತ್ತಿಗೆ ಕೆಳಗಿಟ್ಟು ಗಾಡಿಯ ಹಿಂದೆ ಹೋಗುತ್ತಾಳೆ. "ಇಳೀರಿ ಅವ್ವಗೋಳ. ಇದು ದಾರ್ಯಾಗ ಕೈ ಕೊಡತೈತಿ." ಅವಳ ದನಿ ಏರುವುದಿಲ್ಲ. ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ. ಕಂಕುಳಲ್ಲಿ ಕೂಸಿದ್ದ ಸುಂದರವ್ವ ಎಂಬಾಕೆ, "ನಿನ್ನ ಮಾತು ಕೇಳಿ ಇಳಿದರ ಸಂಜಿಗೆ ನನ್ನ ಮನ್ಯಾಗ ಒಲಿ ನೀ ಹಚ್ಚತೀಯೇನು?" ಎಂದು ಕೇಳುತ್ತಾಳೆ. ಒಬ್ಬರೂ ಇಳಿಯುವುದಿಲ್ಲ. ಗಾಡಿ ಮುಂದಿನ ಬಲಗಾಲು ಕುಂಟುತ್ತ ಗೊಳಸಂಗಿಯ ಕಡೆಗೆ ಹೋಗುತ್ತದೆ.

ಆ ದಿನವೆಲ್ಲ ನನಗೆ ಅಲ್ಲಿಂದ ಏಳಲಾಗಲಿಲ್ಲ. ಬಸವನ ಬಾಗೇವಾಡಿಯ ಬಸ್ಸು ಬಂದು ಹೋಯಿತು, ಮುದ್ದೇಬಿಹಾಳದ್ದೂ ಹೋಯಿತು. ಹನಮವ್ವ ಹೊಡೆಯುತ್ತಾಳೆ, ನಿಲ್ಲಿಸಿ ರಸ್ತೆ ನೋಡುತ್ತಾಳೆ, ಮತ್ತೆ ಹೊಡೆಯುತ್ತಾಳೆ. ಅವಳು ನಿಲ್ಲಿಸಿದಾಗಲೆಲ್ಲ ಗುರಪ್ಪನೂ ಕತ್ತೆತ್ತುತ್ತಾನೆ. ಮಧ್ಯಾಹ್ನ ಬಿಚ್ಚಿದ ರೊಟ್ಟಿ ಹಾಗೇ ಒಣಗುತ್ತದೆ.

ಇಂಥದ್ದು ವಾರಕ್ಕೊಮ್ಮೆಯಾದರೂ ಇದ್ದದ್ದೇ ಎಂದು ಪಕ್ಕದ ಚಹಾದಂಗಡಿಯ ಚಂದಪ್ಪ ಹೇಳುತ್ತಾನೆ. ಅವಳಿಗೆ ತಲೆ ಕೆಟ್ಟಿದೆ ಎನ್ನುವವರಿದ್ದಾರಂತೆ. ಅಪಶಕುನ ನುಡಿಯುತ್ತಾಳೆಂದು ಕೆಲವು ಮಾಲೀಕರು ಗಾಡಿ ತರುವುದನ್ನೇ ಬಿಟ್ಟಿದ್ದಾರೆ.

ಹೊತ್ತು ಮುಳುಗುವಾಗ ಬಾಬುಲಾಲನ ಗಾಡಿ ಕುಂಟುತ್ತಲೇ ಬರುತ್ತದೆ. ಹೆಂಗಸರ ಮೈತುಂಬ ಕಲ್ಲಿನ ಧೂಳು. ಶೆಡ್ಡಿನ ಮುಂದೆ ಸುಂದರವ್ವ ಬಗ್ಗಿ ಏನೋ ಕೂಗುತ್ತಾಳೆ, ಉಳಿದವರು ಗೊಳ್ಳೆಂದು ನಗುತ್ತಾರೆ. ಗಾಡಿ ನಿಲ್ಲದೆ ದಾಟಿ ಹೋಗುತ್ತದೆ. ಗುರಪ್ಪ ಮೂಲೆಯ ಪಾಟಾದ ಕಡೆಗೊಮ್ಮೆ ನೋಡಿ ತಲೆ ತಗ್ಗಿಸುತ್ತಾನೆ.

ಹೀಗೆ ನಗೆಗೀಡಾಗಿಯೂ ಮತ್ತೆ ಹೇಳುತ್ತೀಯಾ ಎಂದು ಕೇಳುತ್ತೇನೆ. ಹನಮವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಬೆಳಗಿನಿಂದ ಬಿಗಿದಿದ್ದ ಕಚ್ಚೆ ಸಡಿಲಿಸುತ್ತಾಳೆ.

"ನಗಲಿ ಬಿಡ್ರಿ. ನಕ್ಕೋಂತ ಮನಿಗೆ ಬಂದ್ರಲ್ಲ."